‘ಡ್ಯೂನ್’: ಕಿವಿಯಲ್ಲಿ ಕೇಳಿದ್ದು, ಕಾಗದದಲ್ಲಿ ಓದಿದ್ದು

ಮರಳುಗಾಡಿನ ಗ್ರಹವೊಂದರಲ್ಲಿ ನಡೆಯುವ, ಫ್ರಾಂಕ್ ಹರ್ಬರ್ಟ್ ಅವರ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ ಅನ್ನು ಒಂದೂವರೆ ವರ್ಷದಲ್ಲಿ ಮೂರು ಬಗೆಯಲ್ಲಿ ಮುಗಿಸಿದ್ದೇನೆ. ಮೊದಲು ಆಡಿಯೊಬುಕ್, ಆಮೇಲೆ ಇ-ಪುಸ್ತಕ, ಕೊನೆಗೆ ಚರ್ಚ್ ಸ್ಟ್ರೀಟಿನಲ್ಲಿ ಕೊಂಡ ಹಳೆಯ ಮುದ್ರಿತ ಪ್ರತಿ. ಈ ಕ್ರಮ ತಲೆಕೆಳಗಾಗಿತ್ತು ಎಂಬುದು ಮೂರನೆಯದನ್ನು ಕೈಗೆತ್ತಿಕೊಂಡ ಮೊದಲ ವಾರದಲ್ಲೇ ಗೊತ್ತಾಯಿತು. ಮೊದಲ ಸಲ ‘ಡ್ಯೂನ್’ ಹಿಡಿಯುವವರು ಕಾಗದದ ಪುಸ್ತಕವನ್ನೇ ಕೊಳ್ಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಡಿಯೊಬುಕ್ ಕೊಂಡದ್ದಕ್ಕೆ ಕಾರಣವಿತ್ತು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗಿ ಬರುವ ನನಗೆ ದಿನಕ್ಕೆ ಎರಡೂವರೆ ಗಂಟೆ ಪ್ರಯಾಣದಲ್ಲೇ ಕಳೆಯುತ್ತದೆ. ನಿಂತು ಹೋಗುವ ದಿನ ದಪ್ಪ ಪುಸ್ತಕ ಬಿಡಿಸಲು ಆಗುವುದಿಲ್ಲ. ಸುಮಾರು 21 ಗಂಟೆಯ ಧ್ವನಿಮುದ್ರಣ, ಹಲವು ಕಲಾವಿದರ ದನಿ, ಎರಡು ವಾರದೊಳಗೆ ಮುಗಿಯುವ ಲೆಕ್ಕ. ಒಂದು ತಿಂಗಳ ಚಂದಾ ಕಟ್ಟಿ ಶುರು ಮಾಡಿದೆ. ಮೊದಲ ಕೆಲವು ಅಧ್ಯಾಯಗಳು ನಾಟಕ ಕೇಳಿದಷ್ಟು ಸೊಗಸಾಗಿದ್ದವು. ಕಥಾನಾಯಕ ಪಾಲ್‌ಗೆ ಒಂದು ದನಿ, ತಾಯಿ ಜೆಸ್ಸಿಕಾಗೆ ಒಂದು, ಪರೀಕ್ಷೆಗೆಂದು ಬರುವ ಮುದುಕಿಗೆ ಇನ್ನೊಂದು.

ತೊಡಕು ಶುರುವಾದದ್ದು ಆಮೇಲೆ. ಈ ಧ್ವನಿಮುದ್ರಣದಲ್ಲಿ ಕಲಾವಿದರ ತಂಡ ಇರುವುದು ಕೆಲವು ಅಧ್ಯಾಯಗಳಿಗೆ ಮಾತ್ರ. ಉಳಿದವನ್ನು ಮುಖ್ಯ ನಿರೂಪಕರೊಬ್ಬರೇ ಎಲ್ಲ ಪಾತ್ರಗಳ ದನಿಯಾಗಿ ಓದುತ್ತಾರೆ. ಇಂದು ಬೆಳಿಗ್ಗೆ ಖಳನಾಯಕ ಬ್ಯಾರನ್ ಹಾರ್ಕೊನೆನ್‌ಗೆ ಒಂದು ದನಿ ಇದ್ದರೆ, ಸಂಜೆ ಮನೆಗೆ ಮರಳುವಾಗ ಅದೇ ಬ್ಯಾರನ್‌ಗೆ ಬೇರೊಂದು ದನಿ. ಮಾತು ಅವನದೇ, ಕುತಂತ್ರ ಅವನದೇ, ಆದರೆ ನನ್ನ ಕಿವಿ ಕಟ್ಟಿಕೊಂಡಿದ್ದ ಮನುಷ್ಯ ಅಲ್ಲಿಲ್ಲ. ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಎರಡು ಸಂಭಾಷಣೆ ದಾಟಿಹೋಗಿರುತ್ತಿದ್ದವು. ಹಿಂದಕ್ಕೆ ಸರಿಸಿ ಕೇಳಿದರೆ ನಿಲ್ದಾಣ ಬಂದಿರುತ್ತಿತ್ತು.

ಯಕ್ಷಗಾನದಲ್ಲಿ ಪೂರ್ವಾರ್ಧದ ಕೌರವನನ್ನು ಒಬ್ಬರು, ಉತ್ತರಾರ್ಧದ ಕೌರವನನ್ನು ಮತ್ತೊಬ್ಬರು ಮಾಡುವುದುಂಟು. ಅಲ್ಲಿ ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಕಿರೀಟ, ಬಣ್ಣ, ವೇಷವೆಲ್ಲ ಕೌರವನದೇ. ಕೇಳುವ ಪುಸ್ತಕದಲ್ಲಿ ದನಿಯೇ ವೇಷ. ಅದನ್ನು ನಡುವೆ ಕಳಚಿ ಬೇರೆಯದನ್ನು ತೊಡಿಸಿದರೆ ಪಾತ್ರವೇ ಕಳೆದುಹೋಗುತ್ತದೆ. ಮುಖ್ಯ ನಿರೂಪಕರೊಬ್ಬರೇ ಆರಂಭದಿಂದ ಕೊನೆಯವರೆಗೆ ಓದಿದ್ದರೆ ನಾನು ಸಂತೋಷದಿಂದ ಕೇಳುತ್ತಿದ್ದೆ. ಅವರ ಓದು ಅಷ್ಟು ಚೆನ್ನಾಗಿದೆ. ಇಡೀ ತಂಡವೇ ಕೊನೆಯವರೆಗೂ ಇದ್ದಿದ್ದರೂ ಸರಿಯೇ. ಅರ್ಧ ಇದು ಅರ್ಧ ಅದು ಮಾಡಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಇನ್ನೊಂದು ಕಷ್ಟ ಕಾದಂಬರಿಯ ಸ್ವಭಾವದಿಂದಲೇ ಬಂದದ್ದು. ಹರ್ಬರ್ಟ್ ಒಂದೇ ದೃಶ್ಯದೊಳಗೆ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಜಿಗಿಯುತ್ತಾರೆ. ಆ ಗ್ರಹದ ರಾಜಧಾನಿ ಅರಾಕೀನ್ ಅರಮನೆಯ ಔತಣದ ಪ್ರಸಂಗವನ್ನೇ ನೋಡಿ. ಮೇಜಿನ ಸುತ್ತ ನೀರಿನ ವ್ಯಾಪಾರಿ, ಬ್ಯಾಂಕಿನವನು, ಕಳ್ಳಸಾಗಣೆದಾರ, ಪರಿಸರ ವಿಜ್ಞಾನಿ ಕೈನ್ಸ್ ಕುಳಿತಿದ್ದಾರೆ. ಎಲ್ಲರೂ ಒಂದು ಮಾತಾಡಿ ಇನ್ನೊಂದು ಯೋಚಿಸುತ್ತಾರೆ; ಜೆಸ್ಸಿಕಾ ಮತ್ತು ಪಾಲ್ ಅತಿಥಿಗಳ ದನಿಯ ಏರಿಳಿತವನ್ನು ಅಳೆದು ಸುಳ್ಳು ಹಿಡಿಯುತ್ತಾರೆ. ಮುದ್ರಣದಲ್ಲಿ ಮನದ ಮಾತು ಓರೆ ಅಕ್ಷರದಲ್ಲಿದೆ, ಕಣ್ಣು ಒಂದೇ ನೋಟಕ್ಕೆ ಬೇರ್ಪಡಿಸುತ್ತದೆ. ಮೆಟ್ರೊದ ಸದ್ದಿನ ನಡುವೆ ನನಗೆ ಯಾವುದು ಆಡಿದ ಮಾತು, ಯಾವುದು ನುಂಗಿಕೊಂಡದ್ದು ಎಂಬುದೇ ತಿಳಿಯಲಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಈಗ ಇದೇ. ಕೇಳಿದಾಗ ಮಾತ್ರ ಅದು ಉದ್ದನೆಯ ಊಟದ ವರದಿಯಂತಿತ್ತು.

ಹೆಸರುಗಳದ್ದೂ ಇದೇ ಕಥೆ. ಕಿವಿಗೆ ಬಿದ್ದ ಪದಕ್ಕೆ ಕಾಗುಣಿತ ಗೊತ್ತಿಲ್ಲದಿದ್ದರೆ ಹುಡುಕುವುದು ಹೇಗೆ? ಕಥೆಯಲ್ಲಿ ಎಲ್ಲರೂ ಕಾಯುವ ಮಹಾಪುರುಷನ ಬಿರುದು ‘ಕ್ವಿಸಾಟ್ಸ್ ಹಾಡೆರಾಕ್’ ಎಂಬುದು ಎರಡು ಪದ ಎಂದು ನನಗೆ ತಿಳಿದದ್ದು ಪುಸ್ತಕ ತೆರೆದ ಮೇಲೆ. ಕಾಗದದ ಮೇಲೆ ಕಂಡಾಗ ಕೆಲವು ಪದಗಳು ನಮ್ಮ ಕಡೆಯ ನೆಂಟರಂತೆ ಎದುರಾದವು. ಚಕ್ರವರ್ತಿಯ ಬಿರುದು ‘ಪಾದಿಶಾ’. ಬಹಮನಿ, ಆದಿಲ್‌ಶಾಹಿ ಕಾಲದ ಕಥೆಗಳನ್ನು ಶಾಲೆಯಲ್ಲಿ ಓದಿದ ಕನ್ನಡಿಗರಿಗೆ ಪಾದಶಹ ಹೊಸಬನೇನಲ್ಲ. ಬರಲಿರುವ ಉದ್ಧಾರಕ ಎಂಬ ಅರ್ಥದ ‘ಮಹದಿ’ಯೂ ಹಾಗೆಯೇ.

ಇ-ಪುಸ್ತಕದ ಬಗ್ಗೆ ಹೇಳುವುದು ಕಡಿಮೆ. ರಾತ್ರಿ ದೀಪ ಆರಿಸಿ ಓದಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ತೂಕವಿಲ್ಲ. ಆದರೆ ಪದದ ಮೇಲೆ ಬೆರಳಿಟ್ಟರೆ ಅರ್ಥ ತೋರಿಸುವ ನಿಘಂಟಿಗೆ ‘ಸೀಚ್’ (ಮರಳುಗಾಡಿನ ಜನರ ಗುಹೆಯ ನೆಲೆ) ಅಥವಾ ‘ಕ್ರಿಸ್‌ನೈಫ್’ (ಅವರ ಪವಿತ್ರ ಚೂರಿ) ಎಂದರೆ ಗೊತ್ತಿಲ್ಲ. ಕಾದಂಬರಿಯ ಪದಕೋಶ ಕೊನೆಯಲ್ಲಿದೆ; ಅಲ್ಲಿಗೆ ಜಿಗಿದು, ಹುಡುಕಿ, ಬಿಟ್ಟ ಜಾಗಕ್ಕೆ ಮರಳುವಷ್ಟರಲ್ಲಿ ಓದಿನ ಲಯ ಹರಿದುಹೋಗುತ್ತದೆ. ಮೂರನೆಯ ದಿನದಿಂದ ಅರ್ಥ ನೋಡುವುದನ್ನೇ ಬಿಟ್ಟೆ.

ಮುದ್ರಿತ ಪ್ರತಿಗೆ ನಾನು ಕೊಟ್ಟದ್ದು ಮುನ್ನೂರು ರೂಪಾಯಿಗಿಂತ ಕಡಿಮೆ. ಅಂಚು ಹಳದಿಯಾಗಿದೆ, ಅಕ್ಷರ ಸಣ್ಣದು, ಕನ್ನಡಕವಿಲ್ಲದೆ ಆಗದು. ಒಂದು ಹಳೆಯ ಬಸ್ ಟಿಕೆಟನ್ನು ಓದುವ ಪುಟಕ್ಕೂ ಇನ್ನೊಂದನ್ನು ಪದಕೋಶಕ್ಕೂ ಇಟ್ಟುಕೊಂಡೆ. ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ ಬರತೊಡಗಿತು. ಅಧ್ಯಾಯಗಳಿಗೆ ಸಂಖ್ಯೆಯೂ ಇಲ್ಲ, ಶೀರ್ಷಿಕೆಯೂ ಇಲ್ಲ. ಪ್ರತಿಯೊಂದರ ತಲೆಯಲ್ಲಿ ಒಂದು ಕಲ್ಪಿತ ಗ್ರಂಥದ ಉದ್ಧರಣೆ, ಹೆಚ್ಚಿನವು ರಾಜಕುಮಾರಿ ಇರುಲಾನ್ ಬರೆದಂತೆ. ಮುಂದೆ ಆಗುವುದನ್ನು ಆ ಸಾಲುಗಳು ಮೊದಲೇ ಹೇಳಿಬಿಡುತ್ತವೆ. ಕೇಳುವಾಗ ಅವು ಗಾಳಿಯಲ್ಲಿ ಹಾರಿಹೋಗಿದ್ದವು. ಓದುವಾಗ ಅಧ್ಯಾಯ ಮುಗಿಸಿ ಹಿಂದಿರುಗಿ ಆ ಸಾಲನ್ನು ಇನ್ನೊಮ್ಮೆ ನೋಡುವುದು ರೂಢಿಯಾಯಿತು.

ಕಾಗದದ ಪ್ರತಿಯಿಂದ ಸಿಕ್ಕ ದೊಡ್ಡ ಲಾಭ ಮೊದಲನೆಯ ಅನುಬಂಧ. ಮರಳುಗ್ರಹದ ಮರಳನ್ನು ಹುಲ್ಲು ನೆಟ್ಟು ಹಿಡಿದು ನಿಲ್ಲಿಸಿ, ತಲೆಮಾರುಗಳಲ್ಲಿ ಹಸಿರು ಮಾಡುವ ಕೈನ್ಸ್‌ನ ತಂದೆಯ ಕನಸು ಅಲ್ಲಿದೆ. ಇದು ಶುದ್ಧ ಕಲ್ಪನೆಯಲ್ಲ. 1957ರಲ್ಲಿ ಹರ್ಬರ್ಟ್ ಅಮೆರಿಕದ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಬಳಿ, ಸರಿಯುವ ಮರಳ ದಿಬ್ಬಗಳನ್ನು ಹುಲ್ಲಿನಿಂದ ತಡೆಯುವ ಸರ್ಕಾರಿ ಯೋಜನೆಯ ಕುರಿತು ಲೇಖನ ಬರೆಯಲು ಹೋಗಿದ್ದರು. ಕಾದಂಬರಿ ಮೊಳೆತದ್ದು ಅಲ್ಲಿಂದ. ಪುಸ್ತಕವಾಗಿ ಬಂದದ್ದು 1965ರಲ್ಲಿ. ಅನುಬಂಧ ಓದುವಾಗ ನನಗೆ ತಲಕಾಡು ನೆನಪಾಗುತ್ತಲೇ ಇತ್ತು. ಮರಳು ಊರನ್ನು ನುಂಗುವುದೆಂದರೆ ಏನೆಂದು, ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋದ ಯಾರಿಗೂ ವಿವರಿಸಬೇಕಾಗಿಲ್ಲ. ಅಲಮೇಲಮ್ಮನ ಶಾಪದಲ್ಲಿ ಮರಳು, ನೀರು, ರಾಜವಂಶ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ‘ಡ್ಯೂನ್’ ನಿಂತಿರುವುದೂ ಈ ಮೂರರ ಮೇಲೆಯೇ.

ಮೆಟ್ರೊದಲ್ಲಿ ನಿಂತೇ ಹೋಗುವವರು, ಕಣ್ಣಿಗೆ ದಣಿವಿರುವವರು ಆಡಿಯೊಬುಕ್ಕನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಮ್ಮೆ ಓದಿದ ಮೇಲೆ ಮತ್ತೆ ಕೇಳಿದೆ. ಆಗ ದನಿ ಬದಲಾದರೂ ಯಾರೆಂದು ಗೊತ್ತಿತ್ತು, ಮರಳುಗಾಡಿನಲ್ಲಿ ತಾಯಿ ಮಗ ತಪ್ಪಿಸಿಕೊಂಡು ಹೋಗುವ ರಾತ್ರಿಯನ್ನು ಕಣ್ಣು ಮುಚ್ಚಿ ಕೇಳಿದ್ದು ದೊಡ್ಡ ಸುಖ. ಒಂದೇ ಒಂದನ್ನು ಕೊಳ್ಳುವಷ್ಟು ಹಣವಿದ್ದರೆ ಮಾತ್ರ ಹಳೆಯ ಪುಸ್ತಕದಂಗಡಿಗೆ ಹೋಗಿ, ಕೊನೆಯ ಪುಟಗಳಲ್ಲಿ ಪದಕೋಶ ಇದೆಯೇ ಎಂದು ತಿರುವಿ ನೋಡಿ ತನ್ನಿ. 1969ರಲ್ಲಿ ಬಂದ ಮುಂದಿನ ಭಾಗ ‘ಡ್ಯೂನ್ ಮೆಸಾಯ’ವನ್ನು ನಾನು ಕಾಗದದಲ್ಲೇ ತಂದಿಟ್ಟುಕೊಂಡಿದ್ದೇನೆ. ಚಂದಾವನ್ನು ಮುಂದುವರಿಸಿಲ್ಲ.