ಮುಳ್ಳು ಕಾಲು ಟ್ಯಾಂಕ್ ಅಂತು, ಕಾರು ಕಮಲಾಪುರದಲ್ಲಿ ನಿಂತಿತು

ನನ್ನ ಹಳೇ ಅಂಬಾಸಿಡರ್ ಹುಮನಾಬಾದ್ ರಸ್ತೆಯಲ್ಲಿ, ಕಮಲಾಪುರದ ಹತ್ತಿರ ಕೆಮ್ಮಿ ನಿಂತಿತು. ಪೆಟ್ರೋಲ್ ಮೀಟರಿನಲ್ಲಿ ಇನ್ನೂ ಕಾಲು ಟ್ಯಾಂಕ್! ಪೆಟ್ರೋಲ್ ಬರುವ ತನಕ ಅಲ್ಲಿನ ಕೆಂಪು ಬಾಳೆಹಣ್ಣು ತಿಂದೆ, ಅದೊಂದೇ ಲಾಭ.

ಕಲಬುರಗಿಗೆ ವಾಪಸ್ ಬಂದು ತಪ್ಪು ಯಾವುದರದು ಅಂತ ಹುಡುಕಿದೆ. ಟೆಂಪರೇಚರ್ ಮುಳ್ಳು ಸರಿ ಇತ್ತು. ಎರಡೂ ಮೀಟರಿಗೆ 10 ವೋಲ್ಟ್ ಕೊಡುವ ಸ್ಟೆಬಿಲೈಜರ್ ಒಂದೇ, ಹಾಗಾಗಿ ಅದು ಪಾರು. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಮೀಟರಿಗೆ ಹೇಳುವ ಸೆಂಡರಿನ ವೈರ್ ಬಿಚ್ಚಿ ಕೀ ತಿರುಗಿಸಿದರೆ ಮುಳ್ಳು ಖಾಲಿಗೆ ಇಳಿಯಿತು. ಕೀ ಆಫ್ ಮಾಡಿ ಅದೇ ವೈರನ್ನು ಕಾರಿನ ಲೋಹದ ಮೈಗೆ ಕಟ್ಟಿ ಆನ್ ಮಾಡಿದರೆ ನಿಧಾನಕ್ಕೆ ಫುಲ್ ಕಡೆ ಹತ್ತಿತು. ಮೀಟರೂ ಪಾರು. ಉಳಿದಿದ್ದು ಸೆಂಡರ್. ಹೊರಗೆ ತೆಗೆದು ಮಲ್ಟಿಮೀಟರ್ ಹಿಡಿದರೆ ರೋಧ ಖಾಲಿಯ 240 ಓಮ್‌ನಿಂದ ಫುಲ್ಲಿನ 30ರ ತನಕ ಎಲ್ಲೂ ತಡೆಯದೆ ಬಂತು. ಖಾಲಿ ಟ್ಯಾಂಕಿನೊಳಗೆ ಇಟ್ಟರೆ ಮಾತ್ರ 140ಕ್ಕೇ ನಿಂತಿತು. ಪೆಟ್ರೋಲ್ ಮೇಲೆ ತೇಲುವ ಫ್ಲೋಟಿನ ತಂತಿ ಕೆಳಕ್ಕೆ ಬಾಗಿತ್ತು. ಓಮ್ ಖಾಲಿಯ ಅಂಕಿ ಮುಟ್ಟುವ ಮೊದಲೇ ಫ್ಲೋಟ್ ತಳ ಮುಟ್ಟುತ್ತಿತ್ತು.

"ಹೊಸಾದು ಹಾಕ್ರಿ ಸಾಹೇಬ್ರ, ತಲಿಬ್ಯಾನಿ ಯಾಕ?" ಅಂದರು ಮಿಸ್ತ್ರಿ. ಹಾಕಿಸಿದೆ. ಬೋಲ್ಟ್ ತೂತೆಲ್ಲ ಸರಿಯಾಗಿ ಕೂತವು, ಓಮ್ ಕೂಡಲಿಲ್ಲ. ಖಾಲಿಗೆ 180 ಅಷ್ಟೇ. ತಲೆಬ್ಯಾನಿ ಹಾಗೇ ಉಳಿಯಿತು.

ಆಮೇಲೆ ಹಳೇ ಸೆಂಡರ್ ವಾಪಸ್ ಹಾಕಿ, ಅದಕ್ಕೂ ಮೀಟರಿಗೂ ನಡುವೆ ಎಲೆಕ್ಟ್ರಾನಿಕ್ ಬಾಕ್ಸ್ ಸೇರಿಸಿದೆ. ಇಲ್ಲಿ ಖಾಲಿ, ಇಲ್ಲಿ ಫುಲ್ ಅಂತ ಅದಕ್ಕೆ ಕಲಿಸಬಹುದು. ಅಂಗಳದ ಶಹಾಬಾದ್ ಫರಸಿ ಮೇಲೆ ಕಾರು ನಿಲ್ಲಿಸಿ 5 ಲೀಟರ್‌ನಂತೆ ಸುರಿಯುತ್ತಾ ಗುರುತು ಹಾಕಿಕೊಂಡೆ. ನೆಲ ಸಮ ಇರದಿದ್ದರೆ ಈ ಲೆಕ್ಕವೇ ಸುಳ್ಳು. ಖಾಲಿ, ಅರ್ಧ, ಫುಲ್ ಮೂರೂ ಬಾಕ್ಸಿನಲ್ಲಿ ಸರಿ ಬಂದವು. ನಿಖರತೆಯಲ್ಲಿ ಗೆದ್ದಿದ್ದು ಅದೇ, ಒಪ್ಪಿಕೊಳ್ಳುತ್ತೇನೆ.

ಆದರೂ ತೆಗೆದೆ. ಹಳೇ ವೈರಿಂಗಿಗೆ ಇನ್ನೂ ನಾಲ್ಕು ಜೋಡಣೆ, ನಮ್ಮ ಮೇ ತಿಂಗಳ ಬಿಸಿಲು ಬೇರೆ. ಅದೀಗ ಗೆಳೆಯನ ಪದ್ಮಿನಿ ಕಾರಿನಲ್ಲಿದೆ.

ಕೊನೆಗೆ ಇಕ್ಕಳ ಹಿಡಿದು ಫ್ಲೋಟಿನ ತಂತಿಯನ್ನೇ ಸ್ವಲ್ಪ ಸ್ವಲ್ಪ ಮೇಲಕ್ಕೆ ಬಗ್ಗಿಸಿದೆ. ಪ್ರತಿ ಸಲ ಬ್ಯಾಟರಿ ಬಿಚ್ಚಬೇಕು, ಕಾರು ಬಯಲಲ್ಲಿರಬೇಕು, ಬೀಡಿ ಸೇದುವವರನ್ನು ದೂರ ಕಳಿಸಬೇಕು. ನಾಲ್ಕನೇ ಸಲಕ್ಕೆ ಖಾಲಿ ಸರಿ ಕೂತಿತು. ಈಗ ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಫುಲ್ ಮುಟ್ಟುವುದಿಲ್ಲ, ಫ್ಲೋಟ್ ಮೇಲೆ ತಾಗುತ್ತದೆ. ಇರಲಿ ಬಿಡಿ, ಫುಲ್ ಟ್ಯಾಂಕಿನಲ್ಲಿ ಯಾರೂ ದಾರಿಯಲ್ಲಿ ನಿಲ್ಲುವುದಿಲ್ಲ ಅಲ್ವಾ?