ರಾಯಲ್ ಪೈಥಾನ್‌ಗೆ ಪಲ್ಸ್ ಥರ್ಮೋಸ್ಟಾಟ್ + ಸೆರಾಮಿಕ್ ಹೀಟರ್: ಎರಡು ಚಳಿಗಾಲ ಬಳಸಿದ ಮೇಲೆ ನನ್ನ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಈ ಥರದ ಥರ್ಮೋಸ್ಟಾಟ್ (ಹೀಟರ್‌ನ ಬಿಸಿ ಹದ್ದಲ್ಲಿಡೋ ಸಾಧನ) ಇಲ್ಲಿ ಯುಕೆಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಯವ್ರು ಮಾಡ್ತಾರೆ, ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಒಂದೇ.

ನಾವಿರೋದು ರೆಡಿಂಗ್‌ನಲ್ಲಿ. ಮಗ ವರ್ಷಗಟ್ಲೆ ಹಾವು ಬೇಕು ಹಾವು ಬೇಕು ಅಂತ ಪ್ರಾಣ ತಿಂದು ಕೊನೆಗೆ ರಾಯಲ್ ಪೈಥಾನ್ ಮರಿ ತರಿಸ್ಕೊಂಡ, ಅಮೆರಿಕದೋರು ಬಾಲ್ ಪೈಥಾನ್ ಅಂತಾರಲ್ಲ ಅದೇ. ಇಲ್ಲಿ ಇದಕ್ಕೆ ಲೈಸೆನ್ಸ್ ಬೇಡ. ಊರಲ್ಲಿ ಓದ್ತಿರೋರು ದಯವಿಟ್ಟು ಇದನ್ನ ನೋಡಿ ಹೊಲದಲ್ಲಿ ಸಿಕ್ಕ ಹಾವು ಹಿಡ್ಕೊಂಡ್ ಬಂದು ಸಾಕೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಈ ಹಾವು ಘಾನಾ, ಟೋಗೋ, ಬೆನಿನ್ ಕಡೇದು, ಅಂದ್ರೆ ಬಿಸಿಲು ನಾಡಿಂದು. ಗೂಡಿನ ಒಂದು ಕಡೆ 31-32 ಡಿಗ್ರಿ ಇರ್ಬೇಕು, ಇನ್ನೊಂದು ಕಡೆ 24-26, ಅದು ತನಗೆ ಬೇಕಾದ ಕಡೆ ಹೋಗಿ ಮಲಗುತ್ತೆ. ಬಿಸಿ ಸಾಲದೇ ಹೋದ್ರೆ ತಿಂದ ಇಲಿ ಅರಗಲ್ಲ, ಕಕ್ಕಿಬಿಡುತ್ತೆ, ದಿನಗಟ್ಲೆ ತಣ್ಣಗೇ ಇದ್ರೆ ಉಸಿರಾಟದ ಇನ್‌ಫೆಕ್ಷನ್ ಬರುತ್ತೆ. ಬಿಸಿ ಜಾಸ್ತಿ ಆದ್ರೆ ಅದೂ ಅಪಾಯಾನೇ, ಯಾಕಂದ್ರೆ ಹಾವು ಹೊಟ್ಟೆ ಸುಡ್ತಿದ್ರೂ ಎದ್ದು ಹೋಗದೆ ಅಲ್ಲೇ ಬಿದ್ಕೊಂಡಿರುತ್ತೆ. ಅದಕ್ಕೇ ಹೀಟ್ ರಾಕ್ ಅಂತ ಕರೆಂಟಲ್ಲಿ ಬಿಸಿಯಾಗೋ ಕಲ್ಲು ಮಾರ್ತಾರಲ್ಲ, ಅದನ್ನ ಮುಟ್ಲೇಬೇಡಿ. ಹೀಟ್ ಮ್ಯಾಟ್ (ಗೂಡಿನ ತಳಕ್ಕೆ ಹಾಕೋ ಬಿಸಿ ಹಾಳೆ) ಹಾಕೋದಾದ್ರೂ ಥರ್ಮೋಸ್ಟಾಟ್ ಇಲ್ದೆ ಬೇಡ, ಈ ಹಾವು ಹಾಸಿನ ಅಡಿಗೆ ತೂರ್ಕೊಂಡು ಹೋಗಿ ನೇರ ಮ್ಯಾಟ್ ಮೇಲೇ ಮಲಗುತ್ತೆ. ಎಷ್ಟೋ ಸ್ಟಾರ್ಟರ್ ಕಿಟ್‌ಗಳಲ್ಲಿ ಮ್ಯಾಟ್ ಇರುತ್ತೆ ಥರ್ಮೋಸ್ಟಾಟ್ ಇರಲ್ಲ, ನನ್ನ ಕೇಳಿದ್ರೆ ಹಂಗೆ ಮಾರೋದನ್ನೇ ನಿಲ್ಲಿಸ್ಬೇಕು.

ನಮ್ದು ಮರದ ವೈವೇರಿಯಂ, ಅಂದ್ರೆ ಹಾವಿನ ಗೂಡು, ಮುಂದೆ ಸರಿಸೋ ಗಾಜು. ಮೇಲೆ 100 ವಾಟ್ ಸೆರಾಮಿಕ್ ಹೀಟರ್. ಅದರಲ್ಲಿ ಬೆಳಕು ಬರಲ್ಲ, ಬರೀ ಬಿಸಿ, ಹಂಗಾಗಿ ರಾತ್ರಿನೂ ಹಾವಿಗೆ ತೊಂದ್ರೆ ಇಲ್ಲ. ಥರ್ಮೋಸ್ಟಾಟ್ ಬಿಸಿ ನೋಡ್ಕೊಂಡು ಕರೆಂಟನ್ನ ಚೂರು ಚೂರೇ ಬಿಡುತ್ತೆ (ಇದಕ್ಕೇ ಪಲ್ಸ್ ಅನ್ನೋದು), ಹಾಲು ಉಕ್ಕದ ಹಾಗೆ ಪಕ್ಕದಲ್ಲೇ ನಿಂತು ಗ್ಯಾಸ್ ಸಣ್ಣ ದೊಡ್ಡ ಮಾಡ್ತೀವಲ್ಲ ಹಂಗೆ. ಬರೀ ಆನ್ ಆಫ್ ಮಾಡೋ ಅಗ್ಗದ್ದು ತಗೊಂಡ್ರೆ ಬಿಸಿ ಮೇಲೆ ಕೆಳಗೆ ಎರಡು ಮೂರು ಡಿಗ್ರಿ ಓಲಾಡುತ್ತೆ. ಬಲ್ಬ್ ಹಾಕೋ ಪ್ಲಾನ್ ಇದ್ರೆ ಪಲ್ಸ್ ತಗೋಬೇಡಿ, ಬಲ್ಬ್ ಮಿಣ ಮಿಣ ಅನ್ನುತ್ತೆ, ಅದಕ್ಕೆ ಕರೆಂಟನ್ನ ನಿಧಾನಕ್ಕೆ ಏರಿಸಿ ಇಳಿಸೋ ಡಿಮ್ಮಿಂಗ್ ಥರ್ಮೋಸ್ಟಾಟೇ ಬೇಕು. ಸೆರಾಮಿಕ್ ಮೈ 200 ಡಿಗ್ರಿ ದಾಟುತ್ತೆ, ಹಂಗಾಗಿ ಹೋಲ್ಡರ್ ಪಿಂಗಾಣೀದೇ ಆಗ್ಬೇಕು, ಸುತ್ತ ತಂತಿಯ ಗಾರ್ಡ್ ಇರ್ಲೇಬೇಕು, ಇಲ್ದಿದ್ರೆ ಈ ಮಹರಾಯ ಬಿಸಿ ಹುಡುಕ್ಕೊಂಡು ಹೋಗಿ ಹೀಟರನ್ನೇ ಸುತ್ಕೊಳ್ತಾನೆ.

ಈಗ ಒಂದು ಸ್ಟಾರ್ ಯಾಕೆ ಕಟ್ ಅಂತ. ಪ್ರೋಬ್ (ಥರ್ಮೋಸ್ಟಾಟ್‌ಗೆ ಬಿಸಿ ಎಷ್ಟಿದೆ ಅಂತ ಹೇಳೋ, ವೈರ್ ತುದೀಲಿರೋ ಸೆನ್ಸರ್) ಅಂಟಿಸೋಕೆ ಕೊಟ್ಟಿರೋ ರಬ್ಬರ್ ಸಕ್ಕರ್ ಯಾವ ಕೆಲಸಕ್ಕೂ ಬರಲ್ಲ. ಗೂಡೊಳಗೆ ತೇವ 60 ಪರ್ಸೆಂಟ್ ಆಸುಪಾಸು ಇರುತ್ತೆ, ಮರದ ಮೇಲೆ ಅದು ಎಲ್ಲಿ ನಿಲ್ಲುತ್ತೆ. ಒಂದಿನ ರಾತ್ರಿ ಹಾವು ಮೈ ಉಜ್ಕೊಂಡು ಹೋಗುವಾಗ ವೈರ್ ಎಳ್ಕೊಂಡು ಹೋಗಿದೆ, ಪ್ರೋಬ್ ಸೀದಾ ನೀರಿನ ಬಟ್ಟಲಿಗೆ ಬಿದ್ದಿದೆ. ಥರ್ಮೋಸ್ಟಾಟ್‌ಗೆ ಏನು ಗೊತ್ತು, ತಣ್ಣೀರಿನ 22 ಡಿಗ್ರಿ ನೋಡಿ ಅಯ್ಯೋ ಚಳಿ ಅಂತ ಹೀಟರ್‌ನ ಫುಲ್ ಬಿಡ್ತು. ಗಾಜಿನ ಮೇಲೆ ಬೇರೆ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟಿದ್ವಿ, 35 ದಾಟಿದ್ರೆ ಕೂಗೋ ಅಲಾರಂ ಇರೋದು, ಅದು ಕೂಗ್ತು ಅಂತ ಬಚಾವ್, ಹಾವು ಅಷ್ಟೊತ್ತಿಗೆ ತಣ್ಣನೆ ಕಡೆ ಮೂಲೇಲಿ ಮುದುಡ್ಕೊಂಡಿತ್ತು. ಈಗ ವೈರ್‌ಗೆ ಪ್ರತಿ ಗೇಣಿಗೊಂದು ಪ್ಲಾಸ್ಟಿಕ್ ಕ್ಲಿಪ್ ಮೊಳೆ ಹೊಡೆದು, ಪ್ರೋಬ್‌ನ ಹೀಟರ್ ಕೆಳಗೆ ಹಾವಿನ ಎತ್ತರದಲ್ಲೇ ಭದ್ರ ಮಾಡಿದೀವಿ. ಇಷ್ಟು ದುಡ್ಡಿನ ಸಾಮಾನಿಗೆ ನಾಕು ಕ್ಲಿಪ್ ಕೊಡೋಕೆ ಏನು ಕಷ್ಟ?

ಕಾಯಿಲೆ ಭಯದ ಬಗ್ಗೆ ಹೇಳ್ಲೇಬೇಕು, ಮೊದಲ ಹಾವು ಅಂದ್ರೆ ಅದು ಆಕಳಿಸಿದ್ರೂ ನಮಗೆ ಎದೆ ಡವಡವ. ನಮಗೆ ಬಂದ ಗಾಬರಿಗಳಲ್ಲಿ ಮುಕ್ಕಾಲು ಪಾಲು ಬಿಸಿ ಮತ್ತು ತೇವಕ್ಕೆ ಸಂಬಂಧಪಟ್ಟಿದ್ದೇ. ಪೊರೆ ತುಂಡು ತುಂಡಾಗಿ ಬಂತು, ಕಣ್ಣಿನ ಮೇಲಿಂದು ಹಂಗೇ ಉಳೀತು: ಸೆರಾಮಿಕ್ ಗಾಳಿನ ಒಣಗಿಸುತ್ತೆ, ಒದ್ದೆ ಪಾಚಿ ತುಂಬಿದ ಡಬ್ಬಿ ಇಟ್ಟ ಮೇಲೆ ಮುಂದಿನ ಪೊರೆ ತಲೆಯಿಂದ ಬಾಲದವರೆಗೂ ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಲ್ಲಿ ಬಂತು. ಕಣ್ಣಿನ ಪೊರೆ ಮಾತ್ರ ಉಗುರಲ್ಲಿ ಕೀಳೋಕೆ ಹೋಗ್ಬೇಡಿ. ಪೊರೆ ಬಿಡೋ ಟೈಮಲ್ಲಿ ಮೂಗಿಂದ ಸಣ್ಣ ಸೀಟಿ ಥರ ಸದ್ದು ಬರಬಹುದು, ಪೊರೆ ಬಿಟ್ಟ ಮೇಲೆ ನಿಂತ್ರೆ ಚಿಂತೆ ಇಲ್ಲ. ಆದ್ರೆ ಬಾಯಿ ತೆಗೆದು ಉಸಿರಾಡ್ತಿದ್ರೆ, ಮೂಗು ಬಾಯಲ್ಲಿ ಗುಳ್ಳೆ ಅಥವಾ ಲೋಳೆ ಕಂಡ್ರೆ, ಆವಾಗ ಥರ್ಮಾಮೀಟರ್ ನೋಡ್ತಾ ಕೂರ್ಬೇಡಿ, ಅವತ್ತೇ ಸರೀಸೃಪ ನೋಡೋ ಎಕ್ಸಾಟಿಕ್ ವೆಟ್‌ಗೆ ಫೋನ್ ಮಾಡಿ, ಮನೆಮದ್ದಿನಿಂದ ಅದು ಹೋಗಲ್ಲ. ಹೊಟ್ಟೆ ಕೆಳಗಿನ ಹುರುಪೆ ಕೆಂಪಾಗಿ ಗುಳ್ಳೆ ಬಂದಿದ್ರೂ ಅಷ್ಟೇ, ಅದು ಸುಟ್ಟಿದ್ದಾಗಿರ್ಬಹುದು ಇಲ್ಲಾ ಹಾಸು ಒದ್ದೆಯಾಗಿ ಕೊಳೆತದ್ದಾಗಿರ್ಬಹುದು.

ಊಟ ಬಿಡೋದು ಇನ್ನೊಂದು ತಲೆನೋವು. ರಾಯಲ್‌ಗಳು ಚಳಿಗಾಲದಲ್ಲಿ ತಿಂಗಳುಗಟ್ಲೆ ಉಪವಾಸ ಕೂರೋದಕ್ಕೆ ಫೇಮಸ್. ನಮ್ಮನೇದೂ ಕೂತ್ಕೊಳ್ತು. ಬಿಸಿ ಸರಿ ಇದೆ ಅಂತ ಗೊತ್ತಿದ್ದಿದ್ರಿಂದ ಸುಮ್ನಿದ್ವಿ, ಆಗಾಗ ತೂಕ ಮಾತ್ರ ನೋಡ್ತಿದ್ವಿ (ಅಡುಗೆ ತಕ್ಕಡೀಲಿ ಅಲ್ಲ, ಅದಕ್ಕೇ ಬೇರೆ ತಂದಿದೀವಿ), ತೂಕ ಹೆಚ್ಚೇನೂ ಇಳೀಲಿಲ್ಲ, ಮಾರ್ಚ್ ಹೊತ್ತಿಗೆ ತಾನೇ ತಿಂತು. ಬೇಸಿಗೆಗೆ ತುಮಕೂರಿಂದ ಬಂದಿದ್ದ ಅತ್ತೆ, ದಿನಾ ಗಾಜಿನ ಮುಂದೆ ಕೈಮುಗಿದು "ಪಾಪ, ನಾಗಪ್ಪಂಗೆ ಒಂದ್ ಲೋಟ ಹಾಲಾದ್ರೂ ಇಡ್ಬಾರ್ದೇನಮ್ಮ" ಅಂತಿದ್ರು. ಹಾವಿಗೆ ಹಾಲು ಅರಗಲ್ಲ ಅತ್ತೆ ಅಂದ್ರೆ ನನ್ನನ್ನೇ ಅನುಮಾನದಿಂದ ನೋಡೋರು. ಅಂದ್ಹಾಗೆ ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ, ಆರೋಗ್ಯವಾಗಿರೋ ಹಾವಲ್ಲೂ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು, ಐದು ವರ್ಷದ ಒಳಗಿನ ಮಕ್ಕಳಿದ್ರೆ ಹಾವಿಂದ ದೂರಾನೇ ಇಡಿ.

ಕರೆಂಟ್ ಖರ್ಚು ಕೇಳೋರಿಗೆ: 100 ವಾಟ್ ಹೀಟರ್ ದಿನದಲ್ಲಿ ಅರ್ಧ ಹೊತ್ತು ಉರಿದ್ರೆ 1.2 ಯೂನಿಟ್, ಜನವರೀಲಿ ಅದಕ್ಕಿಂತ ಜಾಸ್ತಿ, ಜುಲೈನಲ್ಲಿ ತುಂಬಾ ಕಮ್ಮಿ. ಡಯಲ್ ಮೇಲಿರೋ ನಂಬರ್ ನಂಬಿ ಬಿಡ್ಬೇಡಿ, ನಮ್ಮದರಲ್ಲಿ ಡಯಲ್ ಒಂದು ಹೇಳಿದ್ರೆ ಥರ್ಮಾಮೀಟರ್ ಇನ್ನೊಂದು ಹೇಳುತ್ತೆ, ಇನ್‌ಫ್ರಾರೆಡ್ ಗನ್ ಒಂದು ತಗೊಂಡು ಹಾವು ಮಲಗೋ ಜಾಗಾನೇ ಅಳೀರಿ. ಮತ್ತೆ ಹಾವು ತರೋಕೆ ಮುಂಚೆ ಕಮ್ಮಿ ಅಂದ್ರೆ ಒಂದು ವಾರ ಖಾಲಿ ಗೂಡಲ್ಲೇ ಓಡಿಸಿ ನೋಡಿ, ಬಾಕ್ಸು ಬಿಲ್ಲು ಎರಡೂ ಎಸೀಬೇಡಿ, ವಾರಂಟಿಗೆ ಬೇಕಾಗುತ್ತೆ.