ಶಿರಸಿ ಕಡೆ ಮಳೆ ರಾತ್ರಿಯ ನಡಿಗೆ, ತೋಟದಲ್ಲಿ ಕಂಡ ಸಿಸಿಲಿಯನ್

ಜುಲೈ ಎರಡನೇ ವಾರ ಶಿರಸಿ ಹತ್ತಿರ ಒಂದು ಹೋಮ್‌ಸ್ಟೇಯಲ್ಲಿ ಉಳಿದಿದ್ದೆವು. ಮಳೆಗಾಲದಲ್ಲಿ ಅವರು ರಾತ್ರಿ ನಡಿಗೆ ಮಾಡಿಸುತ್ತಾರೆ. ತಲೆಗೆ 500 ರೂಪಾಯಿ, ಗಂಬೂಟು ಅವರದೇ. ಕಪ್ಪೆ ನೋಡೋಕೆ ಇಷ್ಟು ದುಡ್ಡಾ ಅಂತ ಕೇಳಿದ್ದ ನಮ್ಮ ಮನೆಯವರೇ ವಾಪಸ್ ಬರುವಾಗ ಮುಂದಿನ ವರ್ಷವೂ ಹೋಗೋಣ ಅಂದರು.

ಕಾಡಿಗಿಂತ ಜಾಸ್ತಿ ಹೊತ್ತು ಅಡಿಕೆ ತೋಟದಲ್ಲೇ ಇದ್ದೆವು. ಯಜಮಾನರು ಬಸಿಗಾಲುವೆ ಪಕ್ಕ ಕುಕ್ಕರಗಾಲಲ್ಲಿ ಕೂತು ಕೊಳೆತ ದರಕನ್ನು ನಿಧಾನಕ್ಕೆ ಸರಿಸಿದರು. ಕೆಳಗೆ ಗೇಣುದ್ದದ ಪ್ರಾಣಿ, ಕಂದು ಮೈ, ಒದ್ದೆ ರಬ್ಬರಿನ ಹೊಳಪು. ಮೈತುಂಬ ಉಂಗುರ, ಪಕ್ಕಕ್ಕೆ ಉದ್ದಕ್ಕೂ ಹಳದಿ ಪಟ್ಟೆ. ಸಿಸಿಲಿಯನ್! ಕಪ್ಪೆಯ ಬಳಗದ್ದು, ಆದರೆ ಕಾಲಿಲ್ಲ, ಬಾಳಿನ ಬಹುಪಾಲು ಮಣ್ಣೊಳಗೆ. ಕಣ್ಣಿಗೂ ಮೂಗಿಗೂ ನಡುವೆ ಸಾಸಿವೆಗಿಂತ ಚಿಕ್ಕದೊಂದು ಮೀಸೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ವಾಸನೆ ಹಿಡಿದು ದಾರಿ ಹುಡುಕುವುದು ಅದರಿಂದಲೇ. ನಾನು ಕೈ ಚಾಚಿದೆ. "ತಂಗೀ, ಮುಟ್ಟಡ" ಅಂದರು. ಉಂಬಳಕ್ಕೆ ಅಂತ ನಾವೆಲ್ಲ ಕೈಕಾಲಿಗೆ ಉಪ್ಪು ಬಳಿದುಕೊಂಡಿದ್ದೆವು, ಸಿಸಿಲಿಯನ್ನೋ ಚರ್ಮದಿಂದಲೂ ಉಸಿರಾಡುವ ಜೀವ, ಉಪ್ಪು ತಾಗಿದರೆ ಕಷ್ಟ.

ಆಗ ನನಗೆ ಅಜ್ಜನ ಮನೆ ನೆನಪಾಯಿತು. ತೋಟದ ಅಗತೆ ಮಾಡುವಾಗ ಇಂಥದ್ದು ಬಂದರೆ ಎರಡು ತಲೆ ಹಾವು ಅಂತ ಗುದ್ದಲಿಯಲ್ಲೇ ಕೊಚ್ಚಿ ಹಾಕುತ್ತಿದ್ದರು. ನಾನೂ ನಿಂತು ನೋಡಿದ್ದೇನೆ. ತುಂಬಾ ಬೇಜಾರಾಯಿತು.

ಆಮೇಲೆ ಜಗಲಿಯಲ್ಲಿ ಬಿಸಿ ಕಷಾಯ ಕೊಟ್ಟು ಅರ್ಧ ಗಂಟೆ ಮಾತಾಡಿದರು. ಈ ನಡಿಗೆಯಲ್ಲಿ ನನಗೆ ಅತಿ ಇಷ್ಟವಾಗಿದ್ದು ಇದೇ. ನಾವು ನೋಡಿದ ಹಳದಿ ಪಟ್ಟೆಯದು ಇಕ್ತಿಯೋಫಿಸ್ ಗುಂಪಿನದು, ಅದರಲ್ಲಿ ಬೆಡ್ಡೋಮೈ ಎಂಬುದು ಪಶ್ಚಿಮ ಘಟ್ಟದಲ್ಲಿ ಅಲ್ಲಲ್ಲಿ ಸಿಗುತ್ತದೆ, ಅಳಿದುಹೋಗುವ ಭಯ ಸದ್ಯಕ್ಕೆ ಅಷ್ಟಿಲ್ಲ. ಗೆಗೆನಿಯೋಫಿಸ್ ಎಂಬ ಇನ್ನೊಂದು ಸಿಸಿಲಿಯನ್ ಗುಂಪಿನ ಕಥೆ ಬೇರೆ. ಪಟ್ಟೆಯಿಲ್ಲದ ಸಣ್ಣ ಜೀವ, ಕಣ್ಣು ಕೂಡ ತಲೆಬುರುಡೆಯ ಮೂಳೆಯಡಿ. ಮಂಗಳೂರು ಹತ್ತಿರದ ಗುರುಪುರದಲ್ಲಿ ಸಿಕ್ಕಿದ್ದಕ್ಕೆ ಹೆಸರು ಬಿದ್ದಿದ್ದು 1999ರಲ್ಲಿ. ಕುಂದಾಪುರ ಕಡೆಯ ಮುದೂರಿನದಕ್ಕೆ 2004ರಲ್ಲಿ. ಯಾವ ಜೀವಿ ಅಳಿವಿನಂಚಿನಲ್ಲಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇವನ್ನು ಅಳೆದು ನೋಡಿ 'ಮಾಹಿತಿ ಸಾಲದು' ಅಂತ ಬರೆದಿತ್ತು. ಅದನ್ನು ನಾವು ಸುಮ್ನೆ 'ತೊಂದರೆ ಇಲ್ಲ' ಅಂತ ಓದಿಕೊಂಡುಬಿಡುತ್ತೇವೆ, ಅಲ್ವಾ? 2023ರ ಜಾಗತಿಕ ವರದಿಯಲ್ಲಿ ಉಭಯಚರಗಳಲ್ಲಿ ಶೇ. 41ರಷ್ಟು ಅಪಾಯದಲ್ಲಿವೆ, ಸಿಸಿಲಿಯನ್‌ಗಳಲ್ಲಿ ಶೇ. 16 ಮಾತ್ರ ಅಂತ ಇದೆ. ಸಂಖ್ಯೆ ಚಿಕ್ಕದು ಅಂತ ಸಮಾಧಾನ ಪಡುವ ಹಾಗಿಲ್ಲ, ಯಾಕೆಂದರೆ ಗೊತ್ತೇ ಇಲ್ಲದ ಜಾತಿಗಳು ಈ ಗುಂಪಿನಲ್ಲೇ ಬಹಳ, ಮಣ್ಣಡಿ ಇರುವುದನ್ನು ಎಣಿಸುವವರು ಯಾರು?

ಅವರ ತೋಟಕ್ಕೆ ಕಳೆನಾಶಕ ಹೊಡೆಯುವುದಿಲ್ಲ. ಬೆಟ್ಟದ ಸೊಪ್ಪು ಮುಚ್ಚಿ ನೆಲ ತಂಪಾಗಿ ಇಡುತ್ತಾರೆ.

ಒಂದು ಬೇಸರ ಹೇಳಲೇಬೇಕು. ಅವತ್ತು 14 ಜನ ಇದ್ದೆವು, ಇದು ಜಾಸ್ತಿ ಆಯಿತು. ಹಿಂದಿದ್ದವರು ಕೊಳೆತ ದಿಮ್ಮಿ ಮಗುಚಿ ಹಾಗೇ ಬಿಟ್ಟರು, ಫ್ಲ್ಯಾಷ್ ಹಾಕಿ ಫೋಟೋ ಹೊಡೆದರು. ಯಜಮಾನರು ಗದರಬೇಕಿತ್ತು, ಮುಲಾಜಿಗೆ ಸುಮ್ಮನಾದರು. ಎಂಟು ಜನ ಸಾಕು ಅಂತ ಅವರಿಗೇ ಹೇಳಿ ಬಂದಿದ್ದೇನೆ.

ಹೋಗುವವರು ಮೊದಲೇ ಫೋನ್ ಮಾಡಿ. ಮಳೆ ಇಲ್ಲದ ದಿನ ನಡಿಗೆ ಇಲ್ಲ, ದುಡ್ಡು ವಾಪಸ್ ಕೊಡುತ್ತಾರೆ. ಮಕ್ಕಳ ಅಳತೆಯ ಗಂಬೂಟು ಅವರ ಹತ್ತಿರ ಇಲ್ಲ, ನೀವೇ ತಗೊಂಡು ಹೋಗಿ.